ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸ ಬಣ್ಣ: ಪೇಂಟ್ ಗನ್ ಹಿಡಿಯುವ ಮೊದಲು ಏನು ತೆಗೆಯಬೇಕು, ಏನು ಬದಲಿಸಬೇಕು

ನನ್ನ ಹತ್ತಿರ ಇರುವುದು 2002ರ ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ಕೆಲವರು ನಗಬಹುದು, ನಗಲಿ. ಆ ಕಾಲದಲ್ಲಿ ಇಷ್ಟು ಸಣ್ಣ ಕಾರಿಗೆ 100 ಅಶ್ವಶಕ್ತಿಯ ಇಂಜಿನ್ ಕೊಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದರು? ನಿಜವಾದ ಸ್ಪೋರ್ಟ್ಸ್ ಕಾರು ಇರುವುದು ಬದಿಯಡ್ಕದ ನನ್ನ ಭಾವನ ಹತ್ತಿರ. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್, ಎರಡೇ ಸೀಟು, ಫೈಬರ್ ಬಾಡಿ, ಒಳಗೆ ರೆನೊ ಇಂಜಿನ್. ಎರಡೂ ಕಾರಿಗೆ ಪೇಂಟ್ ಮಾಡಿಸಿ ಆಯಿತು. ನನ್ನದಕ್ಕೆ ಎರಡು ಸಲ, ಯಾಕೆಂದರೆ ಮೊದಲನೆಯದು ಹಾಳಾಯಿತು. ಅದರ ಕಥೆ ಕೆಳಗೆ ಉಂಟು.

ಮೊದಲ ಸಲ ನಾನು ಮಾಡಿದ ತಪ್ಪು ಏನೆಂದರೆ, ಪೇಂಟ್ ಅಂದರೆ ಬಣ್ಣ ಆರಿಸುವುದು ಅಂತ ತಿಳಿದದ್ದು. ಮೊಬೈಲಲ್ಲಿ ನೂರು ಫೋಟೋ ನೋಡಿ, ಮನೆಯವರ ಹತ್ತಿರ ಜಗಳ ಮಾಡಿ, ಬಣ್ಣ ಒಂದು ನಿಶ್ಚಯ ಮಾಡಿ ಕಾರು ಬಿಟ್ಟು ಬಂದೆ. ಆದರೆ ಕಾರಿನ ಲೋಹ ಬೆತ್ತಲೆಯಾಗಿ ಕಾಣುವುದು, ಬಂಪರ್ ಲೈಟು ಗ್ಲಾಸು ರಬ್ಬರು ಎಲ್ಲ ಹೊರಗೆ ಬರುವುದು ಇಪ್ಪತ್ತು ವರ್ಷಕ್ಕೊಮ್ಮೆ. ಇಪ್ಪತ್ತು ವರ್ಷದಲ್ಲಿ ಯಾರ್ಯಾರೋ ಕೊರೆದ ತೂತು, ಅಂಟಿಸಿದ ಪ್ಲಾಸ್ಟಿಕ್ ಎಲ್ಲ ತೆಗೆಯಲು ಸಿಗುವ ಒಂದೇ ಅವಕಾಶ ಅದು. ಸೇರಿಸುವುದನ್ನು ಆಮೇಲೆ ಯಾವಾಗ ಬೇಕಾದರೂ ಸೇರಿಸಬಹುದು. ತೂತು ಮುಚ್ಚಲು ಮಾತ್ರ ಮತ್ತೆ ಪೇಂಟ್ ಮಾಡಬೇಕು. ಹಾಗಾಗಿ ನನ್ನ ಪಟ್ಟಿಯಲ್ಲಿ ತೆಗೆಯುವುದೇ ಜಾಸ್ತಿ.

ಹಂತ 1: ಕಾಗದ ಮೊದಲು

ಬೇಜಾರಿನ ಕೆಲಸ, ಬೇಗ ಮುಗಿಸೋಣ. ಆರ್‌ಸಿಯಲ್ಲಿ ಕಾರಿನ ಬಣ್ಣ ಬರೆದಿರುತ್ತದೆ. ಅದೇ ಬಣ್ಣ ಮತ್ತೆ ಹೊಡೆಸಿದರೆ ಯಾರನ್ನೂ ಕೇಳಬೇಕಾಗಿಲ್ಲ. ಬೇರೆ ಬಣ್ಣ ಬೇಕಾದರೆ ಮೊದಲೇ ಪರಿವಾಹನ್ ಪೋರ್ಟಲ್‌ನಲ್ಲಿ ಬದಲಾವಣೆಗೆ ಅರ್ಜಿ ಹಾಕಿ, ಆಮೇಲೆ ಕಾರು ತೋರಿಸಿ ಆರ್‌ಸಿ ತಿದ್ದಿಸಿಕೊಳ್ಳಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ವಿಮೆಯವರಿಗೂ ತಿಳಿಸಿ. ನಮ್ಮಲ್ಲಿ ಎಷ್ಟೋ ಜನ ಪೇಂಟ್ ಕೆಲಸ ಮಂಗಳೂರಲ್ಲಿ ಮಾಡಿಸುತ್ತಾರೆ, ಅದು ಬೇರೆ ವಿಷಯ. ಕಾರು ಕೆಎಲ್ 14, ಅಂದರೆ ಕಾಸರಗೋಡಿನ ನಂಬರಿನದ್ದು ಆದರೆ ಕಾಗದ ಕೇರಳದ್ದೇ, ಇಲ್ಲಿಯ ಮೋಟಾರು ಇಲಾಖೆ ಇಂಥ ವಿಷಯದಲ್ಲಿ ಕಣ್ಣು ಮುಚ್ಚಿ ಕೂರುವುದಿಲ್ಲ.

ಎರಡು ವಿಷಯ ನೆನಪಿಡಿ. ಆಲಿವ್ ಹಸಿರು, ಅಂದರೆ ಸೈನ್ಯದ ಗಾಡಿಯ ಬಣ್ಣ, ಖಾಸಗಿ ಕಾರಿಗೆ ಹೊಡೆಯಬಾರದು. ಕೇಂದ್ರ ಮೋಟಾರು ವಾಹನ ನಿಯಮದ 121ರಲ್ಲೇ ಹಾಗೆ ಉಂಟು. ಹಳೆ ಬ್ರಿಟಿಷ್ ರೇಸ್ ಕಾರುಗಳ ಕಡು ಹಸಿರು ಬೇರೆ, ಅದಕ್ಕೆ ತೊಂದರೆಯಿಲ್ಲ, ಆದರೆ ಸ್ವಲ್ಪ ಹಳದಿ ಕಡೆ ತಿರುಗಿದರೆ ಚೆಕ್‌ಪೋಸ್ಟಿನಲ್ಲಿ ನಿಂತು ವಿವರಿಸುವ ಕೆಲಸ ನಿಮಗೆ. ಇನ್ನೊಂದು, ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು, ಅದೂ ಕೇರಳದ್ದೇ ಒಂದು ಕೇಸಿನಲ್ಲಿ. ಬಾನೆಟ್ ಕತ್ತರಿಸಿ ಗಾಳಿ ಹೋಗಲು ಬಾಯಿ ಮಾಡುವುದು, ಚಕ್ರದ ಕಮಾನು ಅಗಲ ಮಾಡುವುದು, ಇದೆಲ್ಲ ಬೇಡ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ರೀಟೆಸ್ಟ್ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಮೊದಲು ಪೇಂಟ್ ಇಟ್ಟುಕೊಂಡರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ಹಂತ 2: ಚೆನ್ನಾಗಿ ತೊಳೆದು, ಅಂಗಳದಲ್ಲಿ ನಿಲ್ಲಿಸಿ ನೋಡಿ

ಬೆಳಿಗ್ಗೆ ಏಳೂವರೆ ಎಂಟರ ಓರೆ ಬಿಸಿಲು ಒಳ್ಳೆಯದು. ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಉದ್ದಕ್ಕೆ ನೋಡಿ. ಬಾಗಿಲ ಮೇಲೆ ತೆಂಗಿನ ಮರದ ನೆರಳು ನೇರ ಬೀಳುತ್ತದೋ, ಹಾವಿನ ಹಾಗೆ ಬಳುಕುತ್ತದೋ? ಬಳುಕಿದರೆ ಅಲ್ಲಿ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆ. ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಲ್ಲಿ ಹಿಡಿದು ನೋಡಿ, ಪುಟ್ಟಿ ದಪ್ಪ ಇದ್ದಲ್ಲಿ ಅದು ಹಿಡಿಯುವುದಿಲ್ಲ. ಪೇಂಟ್ ದಪ್ಪ ಅಳೆಯುವ ಗೇಜ್ ಯಾರ ಹತ್ತಿರವಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಗೇಜು ಏಕಾಏಕಿ 600, 800 ಅಂತ ತೋರಿಸಿದರೆ ಆ ಬಾಗಿಲಿಗೆ ಒಂದು ಚರಿತ್ರೆ ಉಂಟು ಅಂತ ಅರ್ಥ.

ಆಮೇಲೆ ತುಕ್ಕು. ನಾವು ಇರುವುದು ಸಮುದ್ರದ ಬದಿಯಲ್ಲಿ. ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆಯ ಮನೆಗಳಲ್ಲಿ ಕಿಟಕಿ ಸರಳೇ ಬಾಳಿಕೆ ಬರುವುದಿಲ್ಲ, ಇನ್ನು ಕಾರಿನ ತೆಳು ತಗಡು ಬರುತ್ತದಾ? ಹುಡುಕಬೇಕಾದ ಜಾಗಗಳು ಇವು: ಬಾಗಿಲ ಕೆಳ ಅಂಚು (ಅಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಕೆಂಪು ಮಣ್ಣು ಕಟ್ಟಿ ಮುಚ್ಚಿರುತ್ತವೆ), ಚಕ್ರದ ಕಮಾನಿನ ಒಳ ಮಡಿಕೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಅಡಿ, ಮುಂದಿನ ಗ್ಲಾಸಿನ ರಬ್ಬರಿನ ಕೆಳಗೆ, ಪೆಟ್ರೋಲ್ ಮುಚ್ಚಳದ ಒಳಗೆ. ಬೆರಳಿನಿಂದ ಒತ್ತಿ ನೋಡಿ. ಪೇಂಟ್ ಗುಳ್ಳೆ ಎದ್ದಿದ್ದರೆ ಕಾಣುವುದಕ್ಕಿಂತ ಮೂರು ಪಟ್ಟು ಒಳಗೆ ಇರುತ್ತದೆ ಅಂತಲೇ ಲೆಕ್ಕ ಹಾಕಿ. ಇಂಥ ಕಡೆ ಟಿಂಕರಿಂಗ್‌ನವರು ತಗಡು ಕತ್ತರಿಸಿ ಹೊಸತು ಬೆಸೆಯಬೇಕು. ಮೇಲಿಂದ ಪುಟ್ಟಿ ಹಚ್ಚಿದರೆ ಎರಡು ಮಳೆಗಾಲ, ಅಷ್ಟೇ.

ಫೈಬರ್ ಬಾಡಿಯ ಕಾರಾದರೆ ತುಕ್ಕಿನ ತಲೆಬಿಸಿ ಇಲ್ಲ, ಆದರೆ ಬೇರೆ ರಗಳೆ ಉಂಟು. ಮೇಲಿನ ಜೆಲ್ ಪದರದಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಬರುತ್ತದೆ. ಅದರ ಮೇಲೆ ಸುಮ್ನೆ ಪ್ರೈಮರ್ ಹೊಡೆದರೆ ಕೆಲವು ತಿಂಗಳಲ್ಲಿ ಅದೇ ಬಲೆ ಹೊಸ ಬಣ್ಣದ ಮೇಲೆ ಮೂಡುತ್ತದೆ. ಬಿರುಕು ಬಂದಲ್ಲಿ ಉಜ್ಜಿ ತೆರೆದು, ರೆಸಿನ್ ತುಂಬಿ, ಬೇಕಾದರೆ ತೆಳು ಫೈಬರ್ ಮ್ಯಾಟ್ ಹಾಕಿ ಗಟ್ಟಿ ಮಾಡಬೇಕು. ಹಳೆ ಪೇಂಟ್ ಕಿತ್ತು ಬರುವ ಕೆಮಿಕಲ್ ಹಚ್ಚಲು ಬಿಡಬೇಡಿ, ಲೋಹಕ್ಕೆ ಸರಿಯಾಗುವ ಆ ರಿಮೂವರ್ ಫೈಬರನ್ನೇ ತಿನ್ನುತ್ತದೆ. ಭಾವನ ಕಾರನ್ನು ಪೂರ್ತಿ ಕೈಯಲ್ಲೇ ಉಜ್ಜಿದರು, ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನವೂ ಭಾವ ದಿನಕ್ಕೆರಡು ಸಲ ಫೋನ್ ಮಾಡಿ "ನೀವೊಂದು ಸಲ ಹೋಗಿ ನೋಡಿ ಬನ್ನಿ ಭಾವ" ಅನ್ನುತ್ತಿದ್ದರು.

ಹಂತ 3: ತೆಗೆಯುವ ಪಟ್ಟಿ

ಇದಕ್ಕೆ ಒಂದು ಭಾನುವಾರ ಇಡಿ. ಪೆನ್ನು ಪುಸ್ತಕ ಹಿಡಿದು ಕಾರಿಗೆ ಒಂದು ಸುತ್ತು ಬನ್ನಿ. ಕಂಪನಿಯಿಂದ ಬಂದಾಗ ಇಲ್ಲದ್ದು ಏನೇನು ಉಂಟು? ನನ್ನ ಕಾರಿನಲ್ಲಿ ಸಿಕ್ಕಿದ್ದು: ಡಿಕ್ಕಿ ಬಾಗಿಲಿಗೆ ಸ್ಕ್ರೂ ಹಾಕಿದ ಸ್ಪಾಯ್ಲರ್, ಬಾಗಿಲಿಗೆ ಅಂಟಿಸಿದ ಕ್ರೋಮ್ ಪಟ್ಟಿ, ಹಿಡಿಕೆಗೆ ಕ್ರೋಮ್ ಕವರ್, ಕಿಟಕಿ ಮೇಲೆ ಮಳೆ ತಡೆಯುವ ಪ್ಲಾಸ್ಟಿಕ್, ನಾಲ್ಕು ಮಡ್ ಫ್ಲ್ಯಾಪ್, ಹಿಂದಿನ ಗ್ಲಾಸಿನಲ್ಲಿ ಯಾರದೋ ಮಗನ ಹೆಸರು. ಹಿಂದಿನ ಓನರ್ ಪ್ರೀತಿಯಿಂದಲೇ ಹಾಕಿಸಿದ್ದು, ಅವರನ್ನು ದೂರುವುದಿಲ್ಲ. ಆದರೆ ಎಲ್ಲ ಒಟ್ಟು ಸೇರಿ ಕಾರು ಯಕ್ಷಗಾನದ ಬಣ್ಣದ ವೇಷದ ಹಾಗೆ ಆಗಿತ್ತು. ರಂಗಸ್ಥಳಕ್ಕೆ ಬಣ್ಣದ ವೇಷ ಚೆಂದ, ದೊಂದಿ ಹಿಡಿದು ಬರುವಾಗ ಮೈ ಜುಂ ಅನ್ನುತ್ತದೆ. ಪೆಟ್ರೋಲ್ ಪಂಪಿನ ಲೈನಲ್ಲಿ ನಿಂತಾಗ ಅಲ್ಲ.

ತೆಗೆಯುವಾಗ ಅಂಟಿಸಿದ್ದನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಗಾಳದ ನೈಲಾನ್ ದಾರವನ್ನು ಹಿಂದಿನಿಂದ ಗರಗಸದ ಹಾಗೆ ಎಳೆಯಿರಿ. ಸ್ಕ್ರೂ ಡ್ರೈವರ್ ತೂರಿಸಬೇಡಿ. ಬ್ಯಾಡ್ಜ್‌ಗಳನ್ನು ತೆಗೆಯುವ ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ, ಎಡ ಅಂಚಿನಿಂದ ಎಷ್ಟು, ಕೆಳಗಿಂದ ಎಷ್ಟು ಅಂತ ಅಳತೆ ಬರೆದು ಫೋಟೋ ತೆಗೆದಿಡಿ. ಇದನ್ನು ಮರೆತವರ ಕಾರಿನಲ್ಲಿ ಅಕ್ಷರಗಳು ಜಾತ್ರೆಗೆ ಹೊರಟ ಸಾಲಿನ ಹಾಗೆ ಇರುತ್ತವೆ. ಕೆಲವು ಬ್ಯಾಡ್ಜ್‌ಗೆ ಹಿಂದೆ ಪಿನ್ ಇರುತ್ತದೆ, ತಗಡಿನಲ್ಲಿ ತೂತು ಇರುತ್ತದೆ. ಮತ್ತೆ ಹಾಕುವುದಿಲ್ಲವೆಂದಾದರೆ ಆ ತೂತನ್ನು ಬೆಸೆದು ಮುಚ್ಚಬೇಕು, ಪುಟ್ಟಿ ತುಂಬಿ ಅಲ್ಲ. ಪುಟ್ಟಿ ನೀರು ಹೀರುತ್ತದೆ, ಒಂದು ದಿನ ಗುಂಡಗೆ ಕಲೆ ಎದ್ದು ಬರುತ್ತದೆ.

ಬ್ಯಾಡ್ಜ್ ಎಲ್ಲ ತೆಗೆದು ನುಣ್ಣಗೆ ಮಾಡಿಸುವ ಫ್ಯಾಶನ್ ಒಂದು ಉಂಟು. ಹಳೆ ಕಾರಿಗೆ ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಜಿಟಿಎಕ್ಸ್ ಅಂತ ಬರೆದಿರುವುದೇ ಈ ಕಾರಿಗೆ ಇರುವ ಒಂದು ಗತ್ತು. ಮಾಡಿನ, ಅಂದರೆ ಕಾರಿನ ಛಾವಣಿಯ, ಆಂಟೆನಾದ ತೂತು ಮುಚ್ಚುವ ಆಸೆ ನನಗೂ ಇತ್ತು. ಟಿಂಕರಿಂಗ್ ಮೇಸ್ತ್ರಿ ಬೇಡ ಅಂದರು. ಮಾಡಿನ ತಗಡು ಅಗಲ ಮತ್ತು ತೆಳು, ನಡುವೆ ವೆಲ್ಡಿಂಗ್ ಬಿಸಿ ತಗುಲಿದರೆ ಹಪ್ಪಳದ ಹಾಗೆ ಬಾಗುತ್ತದೆ, ಆಮೇಲೆ ನೇರ ಮಾಡುವುದೇ ದೊಡ್ಡ ಕೆಲಸ. ಅದನ್ನು ಹಾಗೇ ಬಿಟ್ಟೆ, ಹೊಸ ರಬ್ಬರ್ ಬುಡ ಹಾಕಿದೆ.

ಹಂತ 4: ಕಪ್ಪು ಪ್ಲಾಸ್ಟಿಕ್‌ಗೆ ಬಾಡಿ ಬಣ್ಣ ಹೊಡೆಯಬೇಕಾ?

ಅತಿ ಹೆಚ್ಚು ಕಾರುಗಳು ಕೆಡುವುದು ಇಲ್ಲಿಯೇ. ಎಂಬತ್ತು ತೊಂಬತ್ತರ ದಶಕದ ಕಾರುಗಳಲ್ಲಿ ಬಂಪರ್, ಕನ್ನಡಿ, ಬಾಗಿಲ ಪಟ್ಟಿ ಕಪ್ಪು ಇದ್ದದ್ದು ಬಡತನಕ್ಕಲ್ಲ, ವಿನ್ಯಾಸ ಮಾಡಿದವರು ಲೆಕ್ಕ ಹಾಕಿಯೇ ಇಟ್ಟದ್ದು. 1976ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ನೋಡಿ. ಕಪ್ಪು ಗ್ರಿಲ್, ಅದರ ಸುತ್ತ ತೆಳುವಾದ ಒಂದು ಕೆಂಪು ಗೆರೆ. ಆ ಗೆರೆ ಎದ್ದು ಕಾಣುವುದು ಸುತ್ತ ಕಪ್ಪು ಇರುವುದರಿಂದ. ಗ್ರಿಲ್ಲಿಗೂ ಬಾಡಿ ಬಣ್ಣ ಹೊಡೆದರೆ ಕಾರು ಊದಿದ ಹಾಗೆ ಕಾಣುತ್ತದೆ, ಬದಿಗಳು ದಪ್ಪ, ಚಕ್ರ ಸಣ್ಣ.

ನನ್ನ ಲೆಕ್ಕ ಹೀಗೆ. ಕಂಪನಿಯಲ್ಲೇ ಆ ಮಾದರಿಯ ಮೇಲಿನ ವೇರಿಯಂಟಿಗೆ ಬಾಡಿ ಬಣ್ಣದ ಬಂಪರ್ ಬಂದಿದ್ದರೆ ಹೊಡೆಯಿರಿ. ಇಲ್ಲವಾದರೆ ಕಪ್ಪೇ ಇರಲಿ, ಆದರೆ ಹೊಸ ಕಪ್ಪು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಹೊಸ ಪೇಂಟಿನ ಪಕ್ಕದಲ್ಲಿ ಇನ್ನೂ ಹಳತಾಗಿ ಕಾಣುತ್ತದೆ. ಹೊಳೆಯುವ ಕಪ್ಪಲ್ಲ, ಅರೆ ಮಬ್ಬು ಕಪ್ಪು. ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯಲು ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕು, ಬಂಪರ್ ಬಾಗುವ ಕಾರಣ ಪುಟ್ಟಿಯೂ ಬಂಪರ್‌ಗೆ ಅಂತಲೇ ಇರುವುದನ್ನು ಹಾಕಬೇಕು. ಮೈ ತರಿತರಿ ಇರುವ ಪ್ಲಾಸ್ಟಿಕ್ ಆದರೆ ತೆಳುವಾಗಿ ಹೊಡೆಸಿ. ದಪ್ಪ ಹೊಡೆದರೆ ಆ ತರಿ ತುಂಬಿ ಹೋಗುತ್ತದೆ, ಡಾಂಬರು ಬಳಿದ ಹಾಗೆ ಆಗುತ್ತದೆ.

ಹಂತ 5: ಸಂದುಗಳು

ಇದನ್ನು ಯಾರೂ ಹೇಳುವುದಿಲ್ಲ. ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಒಂದು ಕಡೆ ನಾಲ್ಕು ಮಿಲಿಮೀಟರ್, ಇನ್ನೊಂದು ಕಡೆ ಎಂಟು ಇದ್ದರೆ ಎಷ್ಟು ಒಳ್ಳೆ ಬಣ್ಣ ಹೊಡೆದರೂ ಕಾರು ಆಕ್ಸಿಡೆಂಟ್ ಆದದ್ದರ ಹಾಗೆ ಕಾಣುತ್ತದೆ. ಬಣ್ಣಕ್ಕೆ ಮೊದಲು ಎಲ್ಲ ಭಾಗ ಜೋಡಿಸಿ, ಬಾಗಿಲ ಕೀಲಿಗೆ ಹೊಸ ಪಿನ್ನು ಬುಷ್ ಹಾಕಿಸಿ, ಸಂದು ಸರಿ ಮಾಡಿಸಿ. ಆಮೇಲೆ ಬಿಚ್ಚಿ ಪೇಂಟ್ ಮಾಡಲಿ. ಪೇಂಟ್ ಆದ ಮೇಲೆ ಜರುಗಿಸಲು ಹೋದರೆ ಅಂಚು ಹಾರಿ ಹೋಗುತ್ತದೆ.

ಹಂತ 6: ಈಗ ಬಣ್ಣ

ಅದೇ ಬಣ್ಣವೋ, ಬೇರೆಯೋ? ಬೇರೆ ಅಂದರೆ ಕೆಲಸ ಸುಮಾರು ದುಪ್ಪಟ್ಟು ಅಂತ ತಿಳಿಯಿರಿ. ಬಾಗಿಲ ಒಳ ಅಂಚು, ಡಿಕ್ಕಿ, ಬಾನೆಟ್ ಅಡಿ, ಇಂಜಿನ್ ಕೋಣೆ ಎಲ್ಲ ಬದಲಾಗಬೇಕು. ಹೊರಗೆ ನೀಲಿ, ಬಾಗಿಲು ತೆಗೆದರೆ ಕೆಂಪು, ಇದಕ್ಕಿಂತ ಕೆಟ್ಟದು ಬೇರೊಂದಿಲ್ಲ. ಇಂಜಿನ್ ಇಳಿಸುವ ಯೋಚನೆ ಇಲ್ಲವಾದರೆ ಮೊದಲಿನ ಬಣ್ಣಕ್ಕೇ ಹೋಗಿ. ಕಂಪನಿಯ ಬಣ್ಣದ ಕೋಡ್ ಕಾರಿನಲ್ಲೇ ಎಲ್ಲೋ ಒಂದು ಚೀಟಿಯಲ್ಲಿರುತ್ತದೆ: ಬಾನೆಟ್ ಅಡಿ, ಬಾಗಿಲ ಕಂಬದಲ್ಲಿ, ಇಲ್ಲವೇ ಡಿಕ್ಕಿ ಬಾಗಿಲಲ್ಲಿ. ಚೀಟಿ ಹೋಗಿದ್ದರೆ ಪೆಟ್ರೋಲ್ ಮುಚ್ಚಳ ಬಿಚ್ಚಿ ಕೊಂಡು ಹೋಗಿ, ಪೇಂಟ್ ಮಿಕ್ಸ್ ಮಾಡುವ ಅಂಗಡಿಯವರು ಅದರ ಒಳಬದಿಯ ಮಾಸದ ಬಣ್ಣ ನೋಡಿ ಹೊಂದಿಸುತ್ತಾರೆ.

ಬಣ್ಣಗಳ ಬಗ್ಗೆ ನನ್ನ ಅನುಭವ ಇಷ್ಟು. ಕಪ್ಪು ಮೊದಲ ವಾರ ರಾಜ, ಆಮೇಲೆ ಪ್ರತಿ ಗೀರೂ ಕಾಣುತ್ತದೆ, ಬಿಸಿಲಲ್ಲಿ ನಿಲ್ಲಿಸಿದರೆ ಕೈ ಇಡಲಾಗದು. ಅದಕ್ಕಿಂತ ಮುಖ್ಯವಾಗಿ, ಹಳೆ ತಗಡಿನ ಸಣ್ಣ ಸೊಟ್ಟವನ್ನೂ ಕಡು ಬಣ್ಣ ಬಿಟ್ಟುಕೊಡುತ್ತದೆ. ಬಿಳಿ ಮತ್ತು ತಿಳಿ ಬಣ್ಣ ಅದನ್ನು ಮುಚ್ಚಿಡುತ್ತವೆ. ಕೆಂಪು ಮತ್ತು ಹಳದಿ ಸ್ಪೋರ್ಟ್ಸ್ ಕಾರಿಗೆ ಹೇಳಿ ಮಾಡಿಸಿದ ಬಣ್ಣ, ಆದರೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಮ್ಮಿ. ಅಡಿಯಲ್ಲಿ ಸರಿಯಾದ ಛಾಯೆಯ ಪ್ರೈಮರ್ ಇಲ್ಲದಿದ್ದರೆ ಕೋಟಿನ ಮೇಲೆ ಕೋಟು ಹೊಡೆದರೂ ಒಂದು ಕಡೆ ಒಂದು ಥರ ಕಾಣುತ್ತದೆ. ಹಳೆ ಕಾಲದ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲದ ಕೆಂಪು ಬಿಸಿಲಿಗೆ ಗುಲಾಬಿಗೆ ತಿರುಗುತ್ತಿತ್ತು, ಈಗ ಮೇಲೆ ಕ್ಲಿಯರ್ ಕೋಟ್ ಬರುವುದರಿಂದ ಆ ಭಯ ಕಮ್ಮಿ. ಮೆಟಾಲಿಕ್ ಆದರೆ ಬಂಪರ್, ಬಾಗಿಲು ಎಲ್ಲ ಒಂದೇ ಡಬ್ಬದ ಬಣ್ಣದಲ್ಲಿ, ಒಂದೇ ಕೈಯಲ್ಲಿ, ಕಾರಿನಲ್ಲಿ ಇರುವ ದಿಕ್ಕಿನಲ್ಲೇ ನೇತುಹಾಕಿ ಹೊಡೆಯಬೇಕು. ನೆಲದ ಮೇಲೆ ಮಲಗಿಸಿ ಹೊಡೆದ ಬಾಗಿಲಲ್ಲಿ ಆ ಮಿನುಗುವ ಕಣ ಬೇರೆ ರೀತಿ ಕೂರುತ್ತದೆ. ಮೂರು ಪದರದ ಪರ್ಲ್ ನೋಡಲು ಚೆಂದ, ಆದರೆ ಮುಂದೆ ಒಂದು ಗೀರು ಬಿದ್ದರೆ ಹೊಂದಿಸುವವರು ಸಿಗುವುದು ಕಷ್ಟ.

ನಮ್ಮ ಊರಿನ ಒಂದು ವಿಶೇಷ ಲೆಕ್ಕ ಹೇಳುತ್ತೇನೆ: ಮುರಕಲ್ಲಿನ ಧೂಳು. ಬೇಸಿಗೆಯಲ್ಲಿ ಒಳರಸ್ತೆಗೆ ಇಳಿದು ಬಂದರೆ ಬಿಳಿ ಕಾರು ಅರ್ಧ ಕೆಂಪು. ಕಡು ಕೆಂಪು, ಕಂಚಿನ ಬಣ್ಣ, ಬೂದು ಇವುಗಳಲ್ಲಿ ಅದು ಅಷ್ಟು ಕಾಣುವುದಿಲ್ಲ.

ಮೊಬೈಲ್ ನೋಡಿ ಬಣ್ಣ ನಿಶ್ಚಯ ಮಾಡಬೇಡಿ. ಅಂಗೈಯಗಲದ ಎರಡು ಮೂರು ತಗಡಿನ ತುಂಡಿಗೆ ನಿಜವಾದ ಪೇಂಟ್ ಮತ್ತು ಕ್ಲಿಯರ್ ಹೊಡೆಸಿ ತನ್ನಿ. ಬೆಳಿಗ್ಗೆ, ನಡು ಮಧ್ಯಾಹ್ನ, ಸಂಜೆ, ಟ್ಯೂಬ್‌ಲೈಟಿನ ಅಡಿಯಲ್ಲಿ ಹಿಡಿದು ನೋಡಿ. ನಾನು ಆರಿಸಿದ್ದ ನೀಲಿ ಬೇಕಲದ ಕೋಟೆಯ ಕೆಂಪು ಗೋಡೆಗೆ ಹಿಡಿದಾಗ ಅಮೋಘ, ಮನೆಯ ಜಗಲಿಯ ಬೆಳಕಲ್ಲಿ ಹಿಡಿದಾಗ ಶಾಲೆಯ ಬಾಗಿಲಿನ ಬಣ್ಣ. ಮತ್ತೆ ಕೆಂಪಿಗೇ ಬಂದೆ. ಆರ್‌ಸಿಯೂ ಉಳಿಯಿತು.

ಕಪ್ಪು ಮಾಡು, ಉದ್ದ ಪಟ್ಟೆ

ಎರಡು ಬಣ್ಣದ ಯೋಚನೆ ಎಲ್ಲರಿಗೂ ಬರುತ್ತದೆ. ಕಪ್ಪು ಮಾಡು ಹೊಸ ವಿಷಯ ಅಲ್ಲ. 1990ರ ಹೋಂಡಾ ಎನ್‌ಎಸ್‌ಎಕ್ಸ್‌ಗೆ ಬಾಡಿ ಯಾವ ಬಣ್ಣವಿದ್ದರೂ ಮಾಡು ಕಪ್ಪೇ, ಎಫ್-16 ಯುದ್ಧ ವಿಮಾನದ ಗಾಜಿನ ಕೋಣೆಯನ್ನು ನೋಡಿ ಹಾಗೆ ಮಾಡಿದ್ದು. ಅದು ಎತ್ತರ ಕಮ್ಮಿಯ ಕಾರು, ಅದಕ್ಕೆ ಒಪ್ಪುತ್ತದೆ. ಎತ್ತರದ ಹ್ಯಾಚ್‌ಬ್ಯಾಕಿಗೂ ಒಪ್ಪಬಹುದು, ಆದರೆ ಬಣ್ಣ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ನಿಶ್ಚಯ ಮಾಡಿ. ಮಾಡಿನ ಪಟ್ಟಿ ಅಥವಾ ತಗಡಿನ ಮಡಿಕೆ ಇರುವಲ್ಲೇ ನಿಲ್ಲಬೇಕು, ಹಿಂದಿನ ಕಂಬದ ನಡುವೆ ಸುಮ್ನೆ ಕೊನೆಯಾಗಬಾರದು.

ಉದ್ದ ಪಟ್ಟೆ ಅಂದರೆ ಎಲ್ಲರ ಕಣ್ಣಿಗೂ ಬರುವುದು 1965ರ ಶೆಲ್ಬಿ ಜಿಟಿ350, ಬಿಳಿಯ ಮೇಲೆ ನೀಲಿ. ಅಷ್ಟು ಉದ್ದ ಬಾನೆಟ್ ಇದ್ದ ಕಾರಿಗೆ ಅಷ್ಟು ಅಗಲ ಪಟ್ಟೆ. ನಮ್ಮ ಗಿಡ್ಡ ಬಾನೆಟ್ಟಿಗೆ ಅದೇ ಅಗಲ ಹಾಕಿದರೆ ತೊಟ್ಟಿಲಿಗೆ ಕಂಬಳಿ ಹೊದಿಸಿದ ಹಾಗೆ. ಪಟ್ಟೆ ಬೇಕೇ ಬೇಕು ಅಂದರೆ ಪೇಂಟಲ್ಲಿ ಮಾಡಿಸಬೇಡಿ, ವಿನೈಲ್ ಅಂಟಿಸಿ. ಬೇಡ ಅನಿಸಿದ ದಿನ ಕಿತ್ತರಾಯಿತು. ಪೇಂಟೇ ಆಗಬೇಕು ಅನ್ನುವವರು ಪಟ್ಟೆಯ ಮೇಲೂ ಕ್ಲಿಯರ್ ಕೋಟ್ ಬರುವ ಹಾಗೆ ನೋಡಿಕೊಳ್ಳಿ, ಆಗ ಬೆರಳಿಗೆ ಅಂಚು ಸಿಗುವುದಿಲ್ಲ.

ಹಂತ 7: ಚಕ್ರ, ಲೈಟು, ರಬ್ಬರು

ಹೊಸ ಬಣ್ಣದ ಪಕ್ಕ ಹಳೆ ಅಲಾಯ್ ಕಣ್ಣಿಗೆ ಚುಚ್ಚುತ್ತದೆ. ಪೌಡರ್ ಕೋಟಿಂಗ್ ಗಟ್ಟಿ, ಕೆರೆತಕ್ಕೆ ಹೆದರುವುದಿಲ್ಲ. ಕಂಪನಿಯ ಚಕ್ರವನ್ನೇ ಬೆಳ್ಳಿ ಅಥವಾ ಕಡು ಬೂದು ಮಾಡಿಸಿ. ಕಪ್ಪು ಚಕ್ರದಲ್ಲಿ ಅರೆಗಳ ಆಕಾರವೇ ಕಾಣುವುದಿಲ್ಲ, ದೂರದಿಂದ ಸ್ಟೆಪ್ನಿ ಹಾಕಿದ ಹಾಗೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ಬಾಡಿಯಿಂದ ಹೊರಗೆ ಚಾಚುವ ಟಯರ್ ಮಾತ್ರ ಖಂಡಿತ ಬೇಡ.

ಹೆಡ್‌ಲೈಟ್ ಹಳದಿಯಾಗಿದ್ದರೆ ಇದು ಒಳ್ಳೆಯ ಸಮಯ. 800 ನಂಬರಿನಿಂದ ಶುರು ಮಾಡಿ ನಯವಾದ ಉಜ್ಜುವ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಕಾರಿಗೆ ಕ್ಲಿಯರ್ ಕೋಟ್ ಹೊಡೆಯುವಾಗಲೇ ಆ ಲೈಟಿಗೂ ಒಂದು ಕೈ ಹೊಡೆಸಿದರೆ ವರ್ಷಗಟ್ಟಲೆ ಸ್ವಚ್ಛ ಇರುತ್ತದೆ. ಬರೇ ಪಾಲಿಶ್ ಮಾಡಿದರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿ.

ರಬ್ಬರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಕಿಟಕಿ ಬೀಡಿಂಗ್, ಗ್ಲಾಸಿನ ರಬ್ಬರ್ ಎಲ್ಲ ಹೊಸತು ತರಿಸಿ ಇಟ್ಟುಕೊಂಡ ಮೇಲೆಯೇ ಕಾರು ಬಿಡಿ, ಹಳೆ ಕಾರಿಗೆ ಅದು ಸಿಗಲು ತಿಂಗಳು ಹಿಡಿಯಬಹುದು. ರಬ್ಬರಿಗೆ ಟೇಪ್ ಅಂಟಿಸಿ ಹೊಡೆದ ಪೇಂಟ್ ಅಂಚಿನಿಂದಲೇ ಸಿಪ್ಪೆ ಏಳಲು ಶುರುವಾಗುತ್ತದೆ. ಕಿಟಕಿಗೆ ಫಿಲ್ಮ್ ಹಾಕುವುದಾದರೆ ಮುಂದೆ ಹಿಂದೆ 70, ಬದಿಗೆ 50 ಶೇಕಡಾ ಬೆಳಕು ಒಳಗೆ ಬರಲೇಬೇಕು. ಕಡು ಕಪ್ಪು ಹಾಕಿ ಹೊಸ ಕಾರಿನ ಹಾಗೆ ಮಾಡಿದೆ ಅನ್ನುವವರು ದಂಡವನ್ನೂ ಜೇಬಲ್ಲಿ ಇಟ್ಟುಕೊಳ್ಳಿ.

ಹಂತ 8: ಅಂಗಡಿಯಲ್ಲಿ ಏನಾಗಬೇಕು

ನನ್ನ ಮೊದಲ ಪೇಂಟ್ ಆಟಿ ತಿಂಗಳಲ್ಲಿ ಆದದ್ದು. ಮಳೆ ಹೊಯ್ಯುತ್ತಿತ್ತು, ಶೀಟಿನ ಅಡಿಯಲ್ಲಿ, ಬೂತ್ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) ಇಲ್ಲ. "ನಾಲ್ಕು ದಿನದಲ್ಲಿ ಕೊಡುತ್ತೇನೆ, ನೀವು ತಲೆಬಿಸಿ ಮಾಡಬೇಡಿ" ಅಂದರು, ಕೊಟ್ಟರೂ. ದೀಪಾವಳಿ ಹೊತ್ತಿಗೆ ಬಾನೆಟ್ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ತುಂಬಿತ್ತು. ಉಜ್ಜಿದ ಪುಟ್ಟಿಗೆ ನೀರಿಳಿದಿತ್ತು, ಒಣಗುವ ಮೊದಲೇ ಮೇಲೆ ಪೇಂಟ್ ಬಿದ್ದಿತ್ತು. 2ಕೆ ಪೇಂಟ್ ಅಂದರೆ ಗಟ್ಟಿಯಾಗಲು ಹಾರ್ಡನರ್ ಕಲಸಿ ಹೊಡೆಯುವ ಪೇಂಟ್, ಆ ಹಾರ್ಡನರ್‌ಗೂ ತೇವ ಆಗುವುದಿಲ್ಲ. ಅವರಿಗಿಂತ ತಪ್ಪು ನನ್ನದೇ, ಅವಸರ ಮಾಡಿದ್ದು ನಾನು. ಡಿಸೆಂಬರಿನಿಂದ ಮಾರ್ಚ್ ತನಕ ಮಾಡಿಸಿ. ಮಳೆಗಾಲದಲ್ಲೇ ಆಗಬೇಕೆಂದರೆ ಬಿಸಿಗಾಳಿಯ ಬೂತ್ ಇರುವಲ್ಲಿಗೆ ಹೋಗಿ.

ಕೆಲಸದ ಕ್ರಮ ಹೀಗಿರಬೇಕು, ಪ್ರತಿ ಹಂತಕ್ಕೂ ಫೋಟೋ ಕೇಳಿ. ಹಳೆ ಪೇಂಟ್ ಬಿರುಕು ಬಿಟ್ಟಿದ್ದರೆ ಪೂರ್ತಿ ತೆಗೆಯಬೇಕು, ಗಟ್ಟಿ ಇದ್ದರೆ ಉಜ್ಜಿ ಬಿಟ್ಟರೆ ಸಾಕು. ತಗಡು ಬರಿದಾದಲ್ಲಿ ಅವತ್ತೇ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ನಮ್ಮ ಉಪ್ಪು ಗಾಳಿಗೆ ಒಂದು ರಾತ್ರಿ ಬಿಟ್ಟರೆ ಕೆಂಪು ಕಾಣಿಸುತ್ತದೆ. ಪುಟ್ಟಿ ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಬೇಡ, ಅದಕ್ಕಿಂತ ಗುಂಡಿ ಇದ್ದರೆ ಮೊದಲು ತಗಡನ್ನೇ ಬಡಿದು ಎತ್ತಬೇಕು. ಪುಟ್ಟಿಯನ್ನು 80, 180, 320 ನಂಬರ್ ಕಾಗದದಲ್ಲಿ ಹೀಗೆ ನಯ ಮಾಡುತ್ತಾ ಬಂದು, ಸರ್ಫೇಸರ್ (ಸಣ್ಣ ಗೀರು ತುಂಬುವ ಪ್ರೈಮರ್) ಹೊಡೆದು, ಅದರ ಮೇಲೆ ತೆಳುವಾಗಿ ಕಪ್ಪು ಪುಡಿ ಅಥವಾ ಕಪ್ಪು ಪೇಂಟ್ ಉದುರಿಸಿ ಉದ್ದ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜುತ್ತಾರೆ. ಕಪ್ಪು ಉಳಿದಲ್ಲಿ ಗುಂಡಿ ಇದೆ ಅಂತ ಅರ್ಥ. ಈ ಒಂದು ಕೆಲಸ ಮಾಡುವ ಪೇಂಟರ್ ಸಿಕ್ಕರೆ ಅವರನ್ನು ಬಿಡಬೇಡಿ. ಬಣ್ಣದ ವೇಷಕ್ಕೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಕೂರುತ್ತಾರಲ್ಲ, ಅದೇ ತಾಳ್ಮೆ ಇಲ್ಲಿ ಬೇಕಾಗುವುದು. ಕೊನೆಗೆ 800ರಿಂದ 1000 ನಂಬರಿನಲ್ಲಿ ನಯ ಮಾಡಿ ಬೇಸ್ ಕೋಟ್, ಅಂದರೆ ಬಣ್ಣದ ಪದರ, ಮೇಲೆ ಕ್ಲಿಯರ್.

ಕನ್ನಡಿಯ ಹಾಗೆ ಹೊಳೆಯಬೇಕು ಅಂದರೆ ಮೊದಲೇ ಹೇಳಿ ಕ್ಲಿಯರ್ ಒಂದು ಕೋಟ್ ಜಾಸ್ತಿ ಹಾಕಿಸಿ, ಯಾಕೆಂದರೆ ಆಮೇಲೆ 2000, 3000ದಲ್ಲಿ ಉಜ್ಜಿ ಪಾಲಿಶ್ ಮಾಡುವಾಗ ಮೇಲಿನ ಪದರ ಸ್ವಲ್ಪ ಹೋಗುತ್ತದೆ. ಕಂಪನಿ ಪೇಂಟಿನಲ್ಲೂ ಕಿತ್ತಳೆ ಸಿಪ್ಪೆಯಂಥ ಸಣ್ಣ ಅಲೆ ಇರುತ್ತದೆ, ಅದನ್ನು ಹಾಗೇ ಬಿಟ್ಟರೂ ತಪ್ಪಲ್ಲ. ಒಪ್ಪಂದ ಮಾಡುವಾಗ ಸಾಮಾನು ಬೇರೆ, ಕೂಲಿ ಬೇರೆ ಬರೆಸಿಕೊಳ್ಳಿ, ಯಾವ ಪೇಂಟ್ ಅಂತ ಹೆಸರು ಸಮೇತ. ಮನೆಯಲ್ಲೇ ನಾನೇ ಹೊಡೆಯುತ್ತೇನೆ ಅನ್ನುವವರಿಗೆ ಒಂದು ಮಾತು: 2ಕೆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಮೂಗಿಗೆ ಕಟ್ಟಿದ ಬೈರಾಸು ಅದನ್ನು ತಡೆಯುವುದಿಲ್ಲ, ಶ್ವಾಸಕೋಶಕ್ಕೆ ಹೋದರೆ ದಮ್ಮು ಗಂಟುಬೀಳುತ್ತದೆ. ಹೊರಗಿನ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಅದನ್ನು ಮುಟ್ಟಬೇಡಿ.

ಹಂತ 9: ಕಾರು ಮನೆಗೆ ಬಂದ ಮೇಲೆ

ಒಂದು ತಿಂಗಳು ವ್ಯಾಕ್ಸ್ ಬೇಡ, ಕವರ್ ಬೇಡ. ಪೇಂಟ್ ಒಳಗಿಂದ ಇನ್ನೂ ಒಣಗುತ್ತಿರುತ್ತದೆ. ಸಿರಾಮಿಕ್ ಕೋಟಿಂಗ್, ಪಿಪಿಎಫ್ (ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್) ಇಂಥದ್ದು ಮಾಡಿಸುವುದಾದರೆ ಇನ್ನೂ ಸ್ವಲ್ಪ ಕಾಯಿರಿ. ಬಾಗಿಲ ಒಳಗೆ, ಕಮಾನಿನ ಒಳಗೆ ತುಕ್ಕು ತಡೆಯುವ ಮೇಣ ಹೊಡೆಸಿ, ನೀರು ಹೋಗುವ ತೂತು ಮುಚ್ಚದ ಹಾಗೆ ನೋಡಿಕೊಳ್ಳಿ.

ನಿಲ್ಲಿಸುವ ಜಾಗ ಬದಲಿಸಿ. ಹಲಸಿನ ಮರದ ಅಡಿ ಬೇಡ, ಮಯಣ ಬಿದ್ದರೆ ಹೋಗುವುದಿಲ್ಲ. ಗೇರು ಮರದ ಅಡಿ ಖಂಡಿತ ಬೇಡ, ಹಣ್ಣಿನ ರಸದ ಕಲೆ ಸುಲಭಕ್ಕೆ ಬಿಡುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣ ಹಾಕಿದ್ದರೆ ಅದರ ಪಕ್ಕವೂ ಬೇಡ, ಅಡಿಕೆ ಸುಲಿದ ಚೊಗರು ಕೈಯಲ್ಲಿ ಬಾನೆಟ್ ಮುಟ್ಟುವ ದೊಡ್ಡಪ್ಪಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಹಕ್ಕಿ ಹಿಕ್ಕೆಯನ್ನು ಅವತ್ತೇ ನೀರು ಹಾಕಿ ನೆನೆಸಿ ತೆಗೆಯಿರಿ, ಒಣಗಿದ್ದನ್ನು ಕೆರೆಯಬೇಡಿ.

ಬ್ಯಾಡ್ಜ್‌ಗಳನ್ನು ಹದಿನೈದು ದಿನ ಬಿಟ್ಟು, ಬರೆದಿಟ್ಟ ಅಳತೆ ನೋಡಿ ಅಂಟಿಸಿ. ಉಳಿದ ಬೇಸ್ ಕೋಟ್ ಕಾಲು ಲೀಟರ್ ಆದರೂ ಕೇಳಿ ತನ್ನಿ, ಹಾರ್ಡನರ್ ಕಲಸದ್ದು ಮಾತ್ರ, ಕಲಸಿದ್ದು ಅದೇ ದಿನ ಕಲ್ಲಾಗುತ್ತದೆ. ಗಾಜಿನ ಬಾಟಲಿಯಲ್ಲಿ ಬಾಯಿ ತನಕ ತುಂಬಿ, ಬಣ್ಣದ ಕೋಡ್ ಮತ್ತು ತಾರೀಕು ಬರೆದು ಅಟ್ಟದಲ್ಲಿ ಇಡಿ. ನನ್ನದರ ಮೇಲೆ ನಮ್ಮಮ್ಮ "ಇದು ಕುಂಕುಮ ಅಲ್ಲ" ಅಂತ ಇನ್ನೊಂದು ಚೀಟಿ ಅಂಟಿಸಿದ್ದಾರೆ.